ಕಾಂಬವನ ಮೀನು

ಬಂದೂಕಿನಿಂದ ಗುರಿ ಹಿಡಿದ ಮನುಷ್ಯನ ಯಾವ ಕಣ್ಣು ಮುಚ್ಚಿರಬೇಕು ಎಂಬ ಪ್ರಶ್ನೆ ಮಾನವಕುಲವನ್ನು ಯಾವಾಗಿನಿಂದ ಕಾಡುತ್ತಿದೆಯೋ ತಿಳಿಯದು. ಬೀಜಾಡಿಯನ್ನು ಅದು ಕಾಡತೊಡಗಿದ್ದು ಈ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ. ಆಮೇಲೆ ಒಂದು ವಾರ ಊರಿನಲ್ಲಿ ಬೇರೆ ಯಾವ ಪ್ರಶ್ನೆಗೂ ಜಾಗವಿರಲಿಲ್ಲ. ಮನೆಗಳು ಎರಡು ಪಕ್ಷವಾದವು. ಎಡಗಣ್ಣಿನವರು ಬಲಗಣ್ಣಿನವರ ಅಂಗಡಿಯಲ್ಲಿ ಚಾ ಕುಡಿಯುವುದನ್ನು ಬಿಟ್ಟರು.

ಕಾರಣ ಒಂದು ಫ್ಲೆಕ್ಸು. ನೌಕಾಪಡೆಯ ಕಮಾಂಡೊ ದಳದಲ್ಲಿ ಸ್ನೈಪರ್ ಆಗಿದ್ದ ಜಿತೇಂದ್ರ ನಿವೃತ್ತನಾಗಿ ಊರಿಗೆ ಬಂದಿದ್ದ. ಅವನಿಗೆ ಸನ್ಮಾನ ಮಾಡಬೇಕೆಂದು ಗೆಳೆಯರ ಬಳಗದ ಅಧ್ಯಕ್ಷ ಪ್ರಖ್ಯಾತ್ ತೀರ್ಮಾನಿಸಿದ. ಬಳಗದ ಪರವಾಗಿ ತೀರ್ಮಾನಿಸುವುದು ಪ್ರಖ್ಯಾತನಿಗೆ ಉಸಿರಾಟದಷ್ಟೇ ಸಹಜ. ಬ್ರಹ್ಮಾವರದ ಅಂಗಡಿಯಲ್ಲಿ ಫ್ಲೆಕ್ಸು ಮಾಡಿಸಿದ. ಅದರಲ್ಲಿ ಮುಖ ಜಿತೇಂದ್ರನದು, ದೇಹ ಯಾರೋ ವಿದೇಶಿಯವನದು, ಬಂದೂಕು ಯಾವುದೋ ಸಿನಿಮಾದ್ದು. ಮೇಲೆ ‘ನೂರಾರು ಉಗ್ರರ ಸಂಹಾರಕ, ಬೀಜಾಡಿಯ ಹುಲಿ’ ಎಂದು ಬರೆಸಿದ್ದ. ಎಡಗಣ್ಣನ್ನು ಕಂಪ್ಯೂಟರ್ ಮುಚ್ಚಿಸಿತ್ತು.

ಕೊನೆಗೆ ಎರಡೂ ಪಕ್ಷದವರು ಸೇರಿ ಜಿತೇಂದ್ರನನ್ನೇ ಕೇಳಿದರು. ತಾನು ಯಾವ ಕಣ್ಣನ್ನೂ ಮುಚ್ಚುವುದಿಲ್ಲ, ಗಂಟೆಗಟ್ಟಲೆ ಒಂದು ಕಣ್ಣು ಮುಚ್ಚಿ ಮಲಗಿದರೆ ಇನ್ನೊಂದು ಕಣ್ಣೂ ದಣಿಯುತ್ತದೆ ಎಂದು ಅವನು ಹೇಳಿದ. ಈ ಉತ್ತರ ಯಾರಿಗೂ ಹಿಡಿಸಲಿಲ್ಲ.

“ಎರಡೂ ಕಣ್ಣ್ ಬಿಟ್ರೆ ಆಧಾರ್ ಕಾರ್ಡಿನ್ ಫೋಟೋ ಕಂಡಾಂಗ್ ಕಾಂತ್ ಮಾರಾಯ,” ಎಂದ ಪ್ರಖ್ಯಾತ್. ಫ್ಲೆಕ್ಸು ಇದ್ದ ಹಾಗೆಯೇ ಹೆದ್ದಾರಿಯ ಬದಿಗೆ ಏರಿತು.

ಜಿತೇಂದ್ರ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅವನ ವೃತ್ತಿಯಾಗಿತ್ತು. ಹದಿನೆಂಟು ವರ್ಷ ಅವನಿಗೆ ದೇಶ ಸಂಬಳ ಕೊಟ್ಟದ್ದು ಮುಖ್ಯವಾಗಿ ಅಲ್ಲಾಡದೆ ಮಲಗಿರುವುದಕ್ಕೆ. ಊರಿನವರು ಸ್ನೈಪರ್ ಎಂದರೆ ಬೆಳಗಿನಿಂದ ಸಂಜೆಯವರೆಗೆ ಗುಂಡು ಹೊಡೆಯುವವನು ಎಂದುಕೊಂಡಿದ್ದರು. ಕ್ಷೌರದಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಎಲ್ಲ ಕಡೆಯೂ ಅವನಿಗೆ ಒಂದೇ ಪ್ರಶ್ನೆ: ಎಷ್ಟು ಜನರನ್ನು ಹೊಡೆದೆ? ಜಿತೇಂದ್ರ ನಕ್ಕು ಸುಮ್ಮನಾಗುತ್ತಿದ್ದ. ಸುಮ್ಮನಿದ್ದಷ್ಟೂ ಸಂಖ್ಯೆ ಬೆಳೆಯಿತು.

ನಿಜವಾಗಿ ನಡೆದದ್ದು ಇಷ್ಟು. ಕಮಾಂಡೊ ಆಗಬೇಕೆಂದು ಅವನ ಜೊತೆ ಹೊರಟವರಲ್ಲಿ ಹೆಚ್ಚಿನವರು ಮೊದಲ ವಾರಗಳಲ್ಲೇ ಮನೆಗೆ ಹೋಗಿದ್ದರು. ಕೈಕಾಲು ಕಟ್ಟಿ ನೀರಿಗೆ ಎಸೆದಾಗ ಉಳಿದವರು ಹೆದರಿದರು. ಕಡಲ ಮಗ ಜಿತೇಂದ್ರ ಹೆದರಲಿಲ್ಲ, ಅಷ್ಟೇ. ಕೆಸರಿನಲ್ಲಿ ತೆವಳಿದ, ನಿದ್ದೆಯಿಲ್ಲದೆ ಓಡಿದ, ಉತ್ತರದ ಒಂದು ಸರೋವರದ ದಂಡೆಯಲ್ಲಿ ಎಲೆಯ ರಾಶಿಯೊಳಗೆ ಹಗಲಿಡೀ ಮಲಗಿ ಇರುವೆಗಳಿಗೆ ಊಟವಾದ. ಎರಡು ಎದೆಬಡಿತಗಳ ನಡುವಿನ ಖಾಲಿ ಜಾಗದಲ್ಲಿ ಬೆರಳು ಒತ್ತುವುದನ್ನು ಕಲಿತ. ಹಡಗಿನ ಮೇಲಿಂದ ಗುರಿ ಹಿಡಿಯುವುದು ಎಲ್ಲರಿಗೂ ಕಷ್ಟ, ಯಾಕೆಂದರೆ ಹಡಗೂ ಕುಣಿಯುತ್ತದೆ, ಗುರಿಯೂ ಕುಣಿಯುತ್ತದೆ. ಅಲೆ ಇಳಿಯುವ ಮುನ್ನ ಒಂದು ಗಳಿಗೆ ನಿಲ್ಲುತ್ತದೆ ಎಂಬುದನ್ನು ಅವನು ತರಬೇತಿಗೆ ಹೋಗುವ ಮುಂಚೆಯೇ ಬಲ್ಲವನಾಗಿದ್ದ. ಅವನಿಗೆ ಹೆಸರು ತಂದ ಗುಂಡು, ಪದಕ ತಂದದ್ದು, ಅಂಥದೇ ಒಂದು ಗಳಿಗೆಯಲ್ಲಿ ಹಾರಿತ್ತು. ಕಡಲ್ಗಳ್ಳರ ದೋಣಿಯಲ್ಲಿದ್ದ ಒಬ್ಬ ಬಿದ್ದಿದ್ದ. ಇದಿಷ್ಟು ಪತ್ರಿಕೆಯಲ್ಲೂ ಬಂದಿತ್ತು. ಉಳಿದದ್ದು ಬಂದಿರಲಿಲ್ಲ.

ಸ್ನೈಪರ್ ಒಬ್ಬನೇ ಇರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಮಲಗಿರುತ್ತಾನೆ. ಅವನ ಕೈಯಲ್ಲಿ ದುರ್ಬೀನು. ಗಾಳಿ ಎಷ್ಟು, ದೂರ ಎಷ್ಟು, ಯಾರ ಕೈಯಲ್ಲಿ ಏನಿದೆ ಎಂದು ನೋಡಿ ಹೇಳುವವನು ಅವನು. ಹೊಡೆಯುವವನ ಕಣ್ಣು ಒಂದು ರಂಧ್ರದೊಳಗೆ ಸಿಕ್ಕಿಕೊಂಡಿರುವುದರಿಂದ ಜಗತ್ತನ್ನು ನೋಡುವ ಕೆಲಸವೆಲ್ಲ ಇವನದೇ. ಜಿತೇಂದ್ರನಿಗೆ ಆ ಕೆಲಸಕ್ಕೆ ಸಿಕ್ಕವನು ಘಟ್ಟದ ಬುಡದ ಕೆರಾಡಿಯ ರವಿರಾಜ್, ದೇವಸ್ಥಾನದಲ್ಲಿ ಪೂಜೆ ಮಾಡುವ ಕೃಷ್ಣಯ್ಯನವರ ಮಗ. ಒಂದೇ ತಾಲೂಕಿನ ಇಬ್ಬರು ಹೀಗೆ ಒಂದೇ ಜೋಡಿಯಾದದ್ದು ಆಕಸ್ಮಿಕ. ಆದರೆ ಅಧಿಕಾರಿಗಳು ಆ ಜೋಡಿಯನ್ನು ಮುರಿಯದಿರಲು ಕಾರಣವಿತ್ತು. ಇಬ್ಬರೂ ಕುಂದಾಪುರದ ಮಾತಿನಲ್ಲೇ ಪಿಸುಗುಡುತ್ತಿದ್ದರು. ಹಿಂದಿಯಲ್ಲಿ ಉಸಿರು ತೆಗೆದುಕೊಂಡು ಹೇಳಬೇಕಾದದ್ದು ಇದರಲ್ಲಿ ಕೆಮ್ಮಿದಷ್ಟರಲ್ಲಿ ಮುಗಿಯುತ್ತಿತ್ತು. ಒಬ್ಬ ಅಧಿಕಾರಿ ಇದನ್ನು ಬಹಳ ದಿನ ಗುಪ್ತಲಿಪಿಯೆಂದೇ ನಂಬಿದ್ದನಂತೆ.

ಪದಕದ ಗುಂಡು ಹಾರಿದ ದಿನವೇ ರವಿರಾಜನ ಬಲಗೈ ಹೋಯಿತು. ವಿಚಾರಣೆಯಲ್ಲಿ, ದೋಣಿಯಲ್ಲಿದ್ದ ಬಂದೂಕನ್ನು ನೋಡುವವನು ಸಕಾಲದಲ್ಲಿ ಗುರುತಿಸಲಿಲ್ಲ ಎಂದು ತೀರ್ಮಾನವಾಯಿತು. ಒಂದು ಕೈ, ಒಂದು ಕಪ್ಪುಚುಕ್ಕೆ, ಇವೆರಡನ್ನೂ ಹೊತ್ತು ರವಿರಾಜ್ ಕೆರಾಡಿಗೆ ಬಂದ. ಕೈ ಹೋದದ್ದಕ್ಕೆ ಜನ ಮರುಗಿದರು. ಕಣ್ಣು ತಪ್ಪಿದ್ದನ್ನು ಮರೆಯಲಿಲ್ಲ. ಕಾವಲಿನ ಕೆಲಸ, ಬಂದರಿನ ಕೆಲಸ, ಎಲ್ಲಿ ಹೋದರೂ ‘ಕಾಣ್ಲಿಲ್ಯಾ?’ ಎಂದು ಕೇಳುವವನು ಒಬ್ಬ ಇದ್ದೇ ಇರುತ್ತಿದ್ದ. ಅದನ್ನು ಹೊರಗಿನವರು ಕೇಳಿದರೆ ಸಹಿಸಬಹುದು. ಕೃಷ್ಣಯ್ಯನವರೂ ಒಂದು ದಿನ, ಊಟದ ಎಲೆಯ ಮುಂದೆ, ಮಗನ ಎಡಗೈ ತುತ್ತು ಕಟ್ಟಲು ಪಡುವ ಪಾಡನ್ನು ನೋಡುತ್ತ ಕೇಳಿದ್ದರು:

“ಅಷ್ಟ್ ದೊಡ್ಡ ಬಂದೂಕ್, ಕಾಂಬುಕ್ ಆಯ್ಲಿಲ್ಯಾ ಮಗಾ?”

ರವಿರಾಜ್ ಊಟ ಬಿಟ್ಟು ಎದ್ದಿದ್ದ. ತಾನು ಕಂಡಿದ್ದೆ, ಹೇಳಿದ್ದೆ ಎಂದು ಅವನು ವಿಚಾರಣೆಯವರಿಗೆ ಆಸ್ಪತ್ರೆಯಿಂದಲೇ ಹೇಳಿದ್ದ, ಮನೆಯಲ್ಲೂ ಹೇಳಿದ್ದ. ಆದರೆ ಅವನು ಹೇಳಿದ್ದನ್ನು ಕೇಳಿಸಿಕೊಂಡವನು ಜಗತ್ತಿನಲ್ಲಿ ಒಬ್ಬನೇ. ಸುತ್ತ ಇದ್ದ ಉಳಿದವರಿಗೆ ಆ ಭಾಷೆ ಬರುತ್ತಿರಲಿಲ್ಲ.

ಆ ಒಬ್ಬನ ಮುಖ ಈಗ ಹೆದ್ದಾರಿಯಲ್ಲಿ, ಒಂದು ಕಣ್ಣು ಮುಚ್ಚಿಕೊಂಡು, ಮೂವತ್ತು ಅಡಿ ಅಗಲಕ್ಕೆ ನಿಂತಿತ್ತು. ಕುಂದಾಪುರಕ್ಕೆ ಬಂದಿದ್ದ ರವಿರಾಜ್ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ.

ಸನ್ಮಾನವನ್ನು ಸಭಾಭವನದಲ್ಲಿ ಮಾಡಿದರೆ ಜನ ಬರುವುದಿಲ್ಲ, ಬಂದರೂ ಊಟಕ್ಕೆ ಬರುತ್ತಾರೆ ಎಂಬುದು ಪ್ರಖ್ಯಾತನ ಅನುಭವ. ಆದ್ದರಿಂದ ಅವನು ಅದನ್ನು ಕೈರಂಪಣಿಯ ಮೊದಲ ಬಲೆಯ ದಿನಕ್ಕೆ, ಕಡಲ ದಂಡೆಗೇ ತಂದ. ಆ ದಿನ ಜನ ಹೇಗೂ ಸೇರುತ್ತಾರೆ. ದೋಣಿಯೊಂದು ಉದ್ದನೆಯ ಬಲೆಯನ್ನು ಕಡಲಿನಲ್ಲಿ ಅರ್ಧ ವೃತ್ತವಾಗಿ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲಿಂದ ಊರೇ ಎಳೆಯುತ್ತದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲುಂಟು. ಆದರೆ ಒಬ್ಬನು ಹಗ್ಗ ಮುಟ್ಟುವುದಿಲ್ಲ. ಅವನು ಎತ್ತರದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಾನೆ. ಮೀನಿನ ಹಿಂಡು ಬಂದರೆ ನೀರು ಕಪ್ಪಾಗುತ್ತದೆ, ಕೆಲವೊಮ್ಮೆ ಕೆಂಪಗಾಗುತ್ತದೆ. ಅವನು ಹೆಗಲ ಬಟ್ಟೆ ಎತ್ತಿ ತೋರಿಸಿದ ಕಡೆಗೆ ದೋಣಿ ಹೋಗಬೇಕು. ಅವನನ್ನು ಕಾಂಬವ, ಅಂದರೆ ಕಾಣುವವ, ಎನ್ನುತ್ತಾರೆ. ಬೀಜಾಡಿಯ ಕಾಂಬವ ಜಿತೇಂದ್ರನ ಅಪ್ಪ ಕರಿಯ.

ಇಲ್ಲಿ ಒಂದು ರೂಢಿಯಿದೆ. ಬಲೆ ಬಿಡುವವನು ಕಾಂಬವನ ಮಾತನ್ನು ಮೀರಿ, ತನಗೆ ತೋಚಿದ ಕಡೆ ಬಿಟ್ಟು ಕೆಟ್ಟನೆಂದರೆ, ಅದಕ್ಕೆ ದಂಡವಿಲ್ಲ, ಪಂಚಾಯಿತಿಯಿಲ್ಲ. ಆದರೆ ದಂಡೆಯ ಮೇಲೆ ಎಲ್ಲರ ಎದುರು ಅವನು ಕಾಂಬವನಿಗೆ ‘ನೀ ಹೇಳಿದ್ದೆ, ನಾ ಕೇಂಡಿಲ್ಲೆ’ ಎನ್ನಬೇಕು. ಮುಂದಿನ ಬಲೆಯಲ್ಲಿ ಬಂದ ಮೊದಲ ಮೀನನ್ನು ಕಾಂಬವನಿಗೆ ಕೊಡಬೇಕು. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ಹೇಳುವವರೆಗೆ ಮಾತ್ರ ಬಲೆ ನೀರಿಗೆ ಇಳಿಯುವುದಿಲ್ಲ. ಈ ರೂಢಿಯನ್ನು ಜಿತೇಂದ್ರ ಎಲೆರಾಶಿಯೊಳಗೆ ಮಲಗಿದ್ದ ದಿನಗಳಲ್ಲಿ ರವಿರಾಜನಿಗೆ ಹೊತ್ತು ಹೋಗಲೆಂದು ಹೇಳಿದ್ದ. ಹೇಳಿದ್ದು ಬಹುಶಃ ಅವನಿಗೆ ಮರೆತಿತ್ತು. ಕೇಳಿದವನಿಗೆ ಮರೆತಿರಲಿಲ್ಲ.

ಅಂದು ಬೆಳಿಗ್ಗೆ ಮರಳಿನ ಮೇಲೆ ವೇದಿಕೆ ಸಿದ್ಧವಾಗಿತ್ತು. ಮುಖ್ಯ ಅತಿಥಿಗಳು ಬೈಂದೂರಿನಿಂದ ಹೊರಟಿದ್ದಾರೆ ಎಂದು ನಿರೂಪಕಿ ಚಂದನಾ ಮೈಕಿನಲ್ಲಿ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಅವರು ಇನ್ನೂ ಹೊರಡುತ್ತಿದ್ದಾರೆ ಎಂದು ತಿದ್ದಿದಳು. ಜಿತೇಂದ್ರನಿಗೆ ಪೇಟ ಸುತ್ತಿ, ಶಾಲು ಹೊದೆಸಿ ಕೂರಿಸಿದ್ದರು. ಬಿಸಿಲು ಏರುತ್ತಿತ್ತು. ಮೀನು ಮಾರುವ ಬುಟ್ಟಿಯನ್ನು ಮಗ್ಗುಲಲ್ಲಿಟ್ಟುಕೊಂಡು ಅವನ ತಾಯಿ ಸುಗುಣ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಸನ್ಮಾನ ಮುಗಿದೊಡನೆ ಕೋಟೇಶ್ವರದ ಪೇಟೆಗೆ ಹೋಗಬೇಕಿತ್ತು ಅವಳಿಗೆ.

ಆಗ ಒಂದು ರಿಕ್ಷಾದಿಂದ ರವಿರಾಜ್ ಇಳಿದ. ಜೊತೆಗೆ ಕೊಡೆ ಹಿಡಿದ ಕೃಷ್ಣಯ್ಯ. ಅಂಗಿಯ ಖಾಲಿ ಬಲತೋಳನ್ನು ನೋಡಿ ಚಂದನಾ ಇವರು ಯಾರೋ ಗಣ್ಯರಿರಬೇಕೆಂದು ಒಂದು ಗುಲಾಬಿ ಕೊಟ್ಟಳು. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಅಪ್ಪನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ವೇದಿಕೆಯ ಕಡೆ ನೋಡದೆ ನೇರವಾಗಿ ಕರಿಯನ ಹತ್ತಿರ ಹೋದ. ಕರಿಯ ಮಗನ ಸನ್ಮಾನಕ್ಕೆ ಬೆನ್ನು ಹಾಕಿ, ಎಳೆದಿಟ್ಟ ಹಳೆಯ ದೋಣಿಯ ಮೇಲೆ ನಿಂತು ಕಡಲು ನೋಡುತ್ತಿದ್ದ. ಪದಕ ಬಂದ ದಿನವೂ ಅವನು ಹಾಗೆಯೇ ನಿಂತಿದ್ದನೆಂದು ಹೇಳುತ್ತಾರೆ.

“ಕರಿಯಣ್ಣ,” ಎಂದ ರವಿರಾಜ್, “ನಾ ನಿಮ್ಮ ಮಗನ್ ಕಾಂಬವ ಆಯಿದ್ದೆ. ನಂಗೊಂದ್ ಮೀನ್ ಬರುಕಿತ್ತ್.”

ಕರಿಯ ತಲೆಯಿಂದ ಕಾಲಿನವರೆಗೆ ಅವನನ್ನು ನೋಡಿದ. ಅಂಗಿಯೊಳಗಿಂದ ಜನಿವಾರ ಕಂಡಿತು. “ಮೀನ್ ತಿಂತ್ರ್ಯಾ ನೀವ್?”

“ತಿಂತಿಲ್ಲೆ. ಆದ್ರೂ ಬೇಕ್.”

ಕರಿಯ ದೋಣಿಯಿಂದ ಇಳಿದ. ವೇದಿಕೆಯ ಮೇಲೆ ಜಿತೇಂದ್ರ ಎದ್ದು ನಿಂತಿದ್ದ.

ರವಿರಾಜ್ ಹೇಳಿದ್ದು ಚಿಕ್ಕದು. ಯಾವ ಕಡಲು, ಯಾವ ವರ್ಷ, ಯಾವ ಹಡಗು ಎಂಬುದನ್ನು ಅವನು ಹೇಳಲಿಲ್ಲ. ಗುಟ್ಟು ಕಾಯುವ ಪ್ರಮಾಣ ಮಾಡಿದವನು, ಒಂದು ಕೈ ಹೋದರೂ ಪ್ರಮಾಣ ಉಳಿದಿತ್ತು. ದೋಣಿಯೊಂದು ಹಡಗಿನ ಹತ್ತಿರ ಬರುತ್ತಿತ್ತು. ಅದರಲ್ಲೊಬ್ಬ ಬಲೆ ಎಳೆಯುತ್ತಿದ್ದ. ಅನುಮಾನವಾದರೆ ಹೊಡೆಯಲು ಅಪ್ಪಣೆಯಿತ್ತು. ಜಿತೇಂದ್ರ ಬಂದೂಕಿನ ಗುರಿಗಾಜಿನೊಳಗಿಂದ ಆ ಮನುಷ್ಯನ ಕೈ ನೋಡಿದ. ಒಂದು ಕೈ ಎಳೆಯುತ್ತ ಇನ್ನೊಂದು ಕೈ ನೀರು ಹಿಂಡುವ ಬಗೆ, ದೋಣಿಯ ಅಂಚಿಗೆ ಮಂಡಿ ಊರಿದ ಬಗೆ. ಇವನು ಹುಟ್ಟು ಮೀನುಗಾರ, ಕಳ್ಳನಿಗೆ ಹೀಗೆ ಬಲೆ ಎಳೆಯಲು ಬರುವುದಿಲ್ಲ ಎಂದ. ಪಕ್ಕದಲ್ಲಿದ್ದ ರವಿರಾಜ್ ಕೈ ನೋಡುತ್ತಿರಲಿಲ್ಲ. ಮೀನಿನ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ. ಅದರಿಂದ ಅವನು ಬಲೆಯ ಅಡಿಯನ್ನು ನೋಡಿದ. ಬಲೆಯ ಅಡಿಯಲ್ಲಿ ಬಂದೂಕಿದೆ ಎಂದ. ಮತ್ತೊಮ್ಮೆ ಹೇಳಿದ. ಜಿತೇಂದ್ರ ಬೆರಳು ಒತ್ತಲಿಲ್ಲ. ದೋಣಿಯವನು ಬಲೆ ಕೆಳಗಿಟ್ಟು ಬಂದೂಕು ಎತ್ತಿದ. ದುರ್ಬೀನು ಹಿಡಿದ ಕೈ ಹೋಯಿತು. ಜಿತೇಂದ್ರನ ಗುಂಡು, ಪದಕದ ಗುಂಡು, ಅದಾದ ಮೇಲಿನದು.

ದೋಣಿಯಲ್ಲಿದ್ದವನು ನಿಜವಾಗಿಯೂ ಮೀನುಗಾರನೇ ಆಗಿದ್ದಿರಬೇಕು. ಅಷ್ಟರ ಮಟ್ಟಿಗೆ ಜಿತೇಂದ್ರನ ಕಣ್ಣು ತಪ್ಪಲಿಲ್ಲ. ಮೀನುಗಾರನ ಬಳಿ ಬಂದೂಕೂ ಇರಬಹುದೆಂಬ ಒಂದು ಸಣ್ಣ ಸಂಗತಿಯನ್ನು ಬೀಜಾಡಿಯಲ್ಲಿ ಹುಟ್ಟಿದವನು ಒಪ್ಪಲಾರದೆ ಹೋದ, ಅಷ್ಟೇ.

“ವಿಚಾರಣೆಗೆ ನಿಮ್ಮ ಮಗನ್ನ ಕೇಂಡ್ರ್, ನಾ ಹೇಳಿದ್ನಾ ಅಂದ್,” ಎಂದ ರವಿರಾಜ್. “ಸರಿ ಕೇಣ್ಲಿಲ್ಲ ಅಂದ. ನಾ ಆಗಳ್ ಆಸ್ಪತ್ರೆಯಗ್ ಮಲ್ಕಂಡಿದ್ದೆ.”

ಅಷ್ಟರಲ್ಲಿ ಜಿತೇಂದ್ರ ವೇದಿಕೆಯಿಂದ ಇಳಿದು ಬಂದಿದ್ದ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಅವನಿಗೇ ಗೊತ್ತಿದ್ದಂತಿರಲಿಲ್ಲ; ಹಾಗಾಗಿ ಎದುರಿಗೆ ಸಿಕ್ಕವನ ಮೇಲೆ ಹೋಯಿತು. ಇದು ದೇಶದ ರಹಸ್ಯ, ದಂಡೆಯ ಮೇಲೆ ಬಿಚ್ಚುವಂಥದಲ್ಲ, ಇಷ್ಟು ವರ್ಷ ಸುಮ್ಮನಿದ್ದವನು ಶಾಲು ಹೊದೆಸುವ ದಿನ ನೋಡಿಯೇ ಬಂದದ್ದು ಹೊಟ್ಟೆಕಿಚ್ಚಲ್ಲದೆ ಮತ್ತೇನು ಎಂದ. ಹಲ್ಲು ಕಚ್ಚಿಕೊಂಡು ಮೆಲ್ಲಗೆ ಹೇಳಿದ. ಹದಿನೆಂಟು ವರ್ಷದ ಅಭ್ಯಾಸ, ಸಿಟ್ಟೂ ಪಿಸುಮಾತಿನಲ್ಲೇ ಬರುತ್ತಿತ್ತು.

ರವಿರಾಜನದು ಪಿಸುಮಾತಾಗಿರಲಿಲ್ಲ. “ನಿನ್ ರಹಸ್ಯ ನೀನೇ ಇಟ್ಕೊ. ನಿನ್ ಪದಕ ಇಟ್ಕೊ, ಶಾಲ್ ಇಟ್ಕೊ, ಆ ಒಂದ್ ಕಣ್ಣಿನ್ ಫ್ಲೆಕ್ಸೂ ಇಟ್ಕೊ. ನಂಗೆ ನಂದ್ ಮಾತ್ ವಾಪಸ್ ಕೊಡ್. ಅಪ್ಪಯ್ಯ ಅಲ್ ಕೂಕಂಡಿತ್ರ್. ಅವ್ರ ಎದ್ರ್ ಹೇಳ್.”

ಪ್ರಖ್ಯಾತ್ ಓಡಿ ಬಂದು, ಇದನ್ನೆಲ್ಲ ಆಮೇಲೆ ಕೂತು ಮಾತಾಡುವ, ಮುಖ್ಯ ಅತಿಥಿಗಳು ಮರವಂತೆ ದಾಟಿದ್ದಾರೆ, ಬೇಕಾದರೆ ಇವರಿಗೂ ಒಂದು ಶಾಲು ಹೊದೆಸುವ, ಹೆಚ್ಚಿಗೆ ತಂದದ್ದಿದೆ ಎಂದ.

“ಪ್ರಖ್ಯಾತ,” ಎಂದಳು ಸುಗುಣ, ಕುಳಿತಲ್ಲಿಂದಲೇ, “ಕಣ್ಣ್ ಮುಚ್ಚುಸುದ್ ನಿಂಗ್ ಬತ್ತ್. ಈಗ ಬಾಯ್ ಮುಚ್ಚುಕ್ ಕಲಿ.”

ಕರಿಯ ಈಗ ನಡೆದುಹೋಗಿ ಸುತ್ತಿಟ್ಟ ಹಗ್ಗದ ರಾಶಿಯ ಮೇಲೆ ಕುಳಿತ. ಹೆಗಲ ಬಟ್ಟೆಯನ್ನು ತೆಗೆದು ತೊಡೆಯ ಕೆಳಗೆ ಹಾಕಿಕೊಂಡ. ಅದರ ಅರ್ಥ ಹಗ್ಗ ಬಿಚ್ಚುವಂತಿಲ್ಲ ಎಂದು. ದಂಡೆಯಲ್ಲಿ ಅದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ.

“ಅವ ಹೇಳಿದ್ನಾ, ಇಲ್ಯಾ?” ಎಂದು ಮಗನನ್ನು ಕೇಳಿದ.

ಆಮೇಲೆ ನಡೆದದ್ದನ್ನು ನೋಡಿದವರಿಗೆ ಸ್ನೈಪರ್ ಎಂದರೇನೆಂದು ಫ್ಲೆಕ್ಸಿನ ಸಹಾಯವಿಲ್ಲದೆ ಅರ್ಥವಾಯಿತು. ಪೇಟ ತೊಟ್ಟ ಮನುಷ್ಯ ಬಿಸಿಲಿನಲ್ಲಿ ನಿಂತ. ಕೈ ಅಲ್ಲಾಡಲಿಲ್ಲ, ರೆಪ್ಪೆ ಅಲ್ಲಾಡಲಿಲ್ಲ. ಶತ್ರುವಿನ ಎದುರು ಕಲಿತ ವಿದ್ಯೆಯನ್ನೆಲ್ಲ ಅವನು ತಂದೆಯ ಎದುರು ಖರ್ಚು ಮಾಡಿದ. ಅವನ ಎದುರು ರವಿರಾಜ್, ಅದೇ ವಿದ್ಯೆ, ಅದೇ ಗುರುಕುಲ. ನೊಣ ಮುಖದ ಮೇಲೆ ಕುಳಿತರೂ ಇಬ್ಬರೂ ಕೈ ಎತ್ತಲಿಲ್ಲ. ಇಬ್ಬರ ನಡುವೆ ಹಗ್ಗದ ಮೇಲೆ ಕರಿಯ. ಚಂದನಾ ಮೈಕಿನಲ್ಲಿ ಒಂದು ದೇಶಭಕ್ತಿಗೀತೆ ಹಾಕಿದಳು. ಯಾರೋ ಹೋಗಿ ಅದನ್ನು ನಿಲ್ಲಿಸಿದರು.

ಆಗ ಕರಿಯ ಕುಳಿತಲ್ಲಿಂದಲೇ ಕಡಲಿನ ಕಡೆ ತಿರುಗಿ, ಯಾರಿಗೂ ಅಲ್ಲದಂತೆ ಹೇಳಿದ: “ಬಂತ್ ಕಾಣ್. ಬಂಗುಡಿ.”

ಎಲ್ಲರೂ ನೋಡಿದರು. ಅಲೆ ಒಡೆಯುವಲ್ಲಿಂದ ಆಚೆಗೆ ನೀರಿನ ಮೇಲೆ ಒಂದು ಮೋಡದ ನೆರಳಿನಂತೆ ಕಪ್ಪು ಬಿದ್ದಿತ್ತು. ಮೇಲೆ ಮೋಡವಿರಲಿಲ್ಲ. ತೆಂಕಣದಿಂದ ಬಡಗಣಕ್ಕೆ ಅದು ನಿಧಾನವಾಗಿ ಹೋಗುತ್ತಿತ್ತು. ಮಳೆಗಾಲವಿಡೀ ಕಾದ ಮೊದಲ ಮೀನು. ದೋಣಿಯವರು ಹುಟ್ಟು ಹಿಡಿದು ನಿಂತಿದ್ದರು. ಬಲೆಯ ಯಜಮಾನ ಭೋಜರಾಜ ಕರಿಯನ ಮುಂದೆ ಬಂದು ಬಗ್ಗಿದ.

“ಕರಿಯಣ್ಣ, ಮೀನ್ ಹೋತಿತ್ತ್. ಬಟ್ಟಿ ಎತ್ತಿ. ಅಪ್ಪ-ಮಗನ್ ಪಂಚಾಯ್ತಿ ಸಾಯಂಕಾಲ ಮಾಡ್ವೊ.”

“ಹೋಯ್ಲಿ,” ಎಂದ ಕರಿಯ.

ಈಗ ಸಿಟ್ಟು ಊರಿಗೆಲ್ಲ ಹರಡಿತು. ಕೆಲವರು ರವಿರಾಜನನ್ನು ಬೈದರು, ಘಟ್ಟದ ಬುಡದವನಿಗೆ ಕಡಲಿನ ರೂಢಿ ಯಾಕೆ ಎಂದು. ಕೆಲವರು ಕರಿಯನನ್ನು ಬೈದರು, ಮಗನ ಮರ್ಯಾದೆ ತೆಗೆಯುವ ಅಪ್ಪ ಎಲ್ಲಾದರೂ ಇದ್ದಾನೆಯೇ ಎಂದು. ಒಬ್ಬಳು ಹೆಂಗಸು ಖಾಲಿ ಬುಟ್ಟಿಯನ್ನು ಮರಳಿಗೆ ಕುಕ್ಕಿ ಜಿತೇಂದ್ರನಿಗೇ ನೇರವಾಗಿ, ನೂರು ಜನರನ್ನು ಹೊಡೆದವನಿಗೆ ಒಂದು ಮಾತು ಹೊಡೆಯಲು ಎಷ್ಟು ಹೊತ್ತು ಬೇಕು ಎಂದಳು. ಕಪ್ಪು ನೆರಳು ಅಷ್ಟರಲ್ಲಿ ವೇದಿಕೆಯ ಎದುರನ್ನು ದಾಟಿ ಹೋಗಿತ್ತು.

ಆ ಹೆಂಗಸಿನ ಮಾತೇ ತಾಗಿತೋ, ಮೀನು ದಾಟಿ ಹೋದದ್ದೇ ತಾಗಿತೋ. ಜಿತೇಂದ್ರ ಪೇಟವನ್ನು ಕಿತ್ತು ಮರಳಿಗೆ ಎಸೆದ. ರವಿರಾಜನ ಕಡೆ ತಿರುಗಿದ. ತನಗರಿವಿಲ್ಲದೆಯೇ ಅವನ ಹಿಮ್ಮಡಿಗಳು ಕೂಡಿದ್ದವು, ಅಧಿಕಾರಿಯ ಎದುರು ನಿಂತಂತೆ.

“ನೀ ಹೇಳಿದ್ದೆ,” ಎಂದ. “ಬಲಿ ಅಡಿಗ್ ಬಂದೂಕ್ ಇತ್ತ್ ಅಂದ್ ಎರಡ್ ಸಲ ಹೇಳಿದ್ದೆ. ನಾ ಕೇಂಡಿಲ್ಲೆ. ವಿಚಾರಣೆಗ್ ಸುಳ್ಳ್ ಹೇಳದ್ದೂ ನಾನೇ.”

ಕರಿಯ ಹಗ್ಗದಿಂದ ಏಳಲು ಮೊಣಕಾಲಿಗೆ ಕೈಯೂರಿದ. ಆಗ ಹಿಂದಿನಿಂದ, ಕೊಡೆಯ ಕೆಳಗಿನಿಂದ, ಕೃಷ್ಣಯ್ಯನವರ ದನಿ ಬಂತು.

“ಎಂತ ಅಂದ ಅವ? ಗಾಳಿಗ್ ಕೇಂಡಿಲ್ಲೆ. ಇನ್ನೊಂದ್ ಸಲ ಹೇಳ್ಕ್.”

ಕೃಷ್ಣಯ್ಯನವರ ಕಿವಿಯಲ್ಲಿ ಯಾವ ದೋಷವೂ ಇಲ್ಲ. ಗರ್ಭಗುಡಿಯೊಳಗೆ ಮಂತ್ರ ಹೇಳುತ್ತಲೇ, ಹೊರಗೆ ಅಂಗಳದಲ್ಲಿ ಯಾರು ಯಾರ ಬಗ್ಗೆ ಏನು ಹೇಳಿದರೆಂದು ಅವರು ಆಮೇಲೆ ಒಪ್ಪಿಸುತ್ತಾರೆಂದು ಕೆರಾಡಿಯಲ್ಲಿ ಪ್ರತೀತಿ.

ಜಿತೇಂದ್ರ ಒಂದು ಗಳಿಗೆ ಅವರನ್ನೇ ನೋಡಿದ. ಆಮೇಲೆ ನಡೆದುಹೋಗಿ ಅವರ ಕುರ್ಚಿಯ ಮುಂದೆ ನಿಂತು ಅಷ್ಟನ್ನೂ ಮೊದಲಿನಿಂದ ಹೇಳಿದ. ಈ ಸಲ ಪಿಸುಮಾತಲ್ಲ. ಹಿಂದಿನ ಸಾಲಿನವರಿಗೂ, ದೋಣಿಯಲ್ಲಿ ನಿಂತವರಿಗೂ ಕೇಳಿಸಿತು.

ಕೃಷ್ಣಯ್ಯ ತಲೆಯಾಡಿಸಿದರು. “ಕೇಂತ್,” ಎಂದರು. ಮಗನ ಕಡೆ ನೋಡಲಿಲ್ಲ. ಕೊಡೆಯನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಕುಳಿತರು.

ಜಿತೇಂದ್ರ ರವಿರಾಜನ ಬಳಿ ಮರಳಿ ಬಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. “ಒಂದ್ ಕೇಣ್. ನಾಳೆ ಅಂಥವನೇ ಇನ್ನೊಬ್ಬ ಎದ್ರಿಗ್ ಬಂದ್ ಹಾಂಗೇ ಬಲಿ ಎಳ್ದ್ರೆ, ನಾ ಆಗಳೂ ಹೊಡೀತಿಲ್ಲೆ.”

“ಅದ್ ನಿನ್ ಇಷ್ಟ,” ಎಂದ ರವಿರಾಜ್. “ನಾ ಕೇಣುಕ್ ಬಂದದ್ದ್ ಅದಲ್ಲ.”

ಕರಿಯ ಎದ್ದು ಹಳೆಯ ದೋಣಿಯ ಮೇಲೆ ಹತ್ತಿ ಬಟ್ಟೆ ಎತ್ತಿದ. ಬಲೆಯ ದೋಣಿ ನೀರಿಗೆ ಬಿತ್ತು. ಹಿಂಡು ಹೋಗಿಯಾಗಿತ್ತು, ಬಾಲ ಮಾತ್ರ ಉಳಿದಿತ್ತು. ಆದರೂ ಊರು ಹಗ್ಗಕ್ಕೆ ಕೈ ಹಾಕಿತು. ಜಿತೇಂದ್ರ ಶಾಲನ್ನು ಸೊಂಟಕ್ಕೆ ಬಿಗಿದು ಎಳೆದ. ರವಿರಾಜ್ ಎಳೆಯಲಿಲ್ಲ, ಕಾಂಬವನು ಹಗ್ಗ ಮುಟ್ಟುವುದಿಲ್ಲ. ಬಲೆ ದಂಡೆಗೆ ಬಂದಾಗ ಅದರಲ್ಲಿದ್ದದ್ದು ನಾಲ್ಕೈದು ಬುಟ್ಟಿಯಷ್ಟು ಮೀನು, ಅರ್ಧ ಏಡಿ, ಒಂದಿಷ್ಟು ಪ್ಲಾಸ್ಟಿಕ್ಕು. ಮೊದಲ ಮೀನನ್ನು ಜಿತೇಂದ್ರ ಹೆಕ್ಕಿದ. ಸಾಧಾರಣ ಗಾತ್ರದ ಒಂದು ಬಂಗುಡೆ. ಶಾಲು ಬಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಹಾಕಿ ರವಿರಾಜನಿಗೆ ಎರಡು ಕೈಯಲ್ಲಿ ಚಾಚಿದ. ರವಿರಾಜ್ ಗುಲಾಬಿಯನ್ನು ಕೆಳಗೆ ಹಾಕಿ ಒಂದು ಕೈಯಲ್ಲಿ ತೆಗೆದುಕೊಂಡ.

ಮುಖ್ಯ ಅತಿಥಿಗಳು ಬಂದಾಗ ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಹೆಚ್ಚಿಗೆ ತಂದಿದ್ದ ಶಾಲನ್ನು ಪ್ರಖ್ಯಾತ್ ಅವರಿಗೇ ಹೊದೆಸಿದ. ಅವರು ದೇಶಸೇವೆಯ ಮಹತ್ವದ ಬಗ್ಗೆ ಮಾತಾಡಿ, ಬೀಜಾಡಿಯ ಹುಲಿ ಕಾಣುತ್ತಿಲ್ಲವಲ್ಲ ಎಂದು ಕೇಳಿದರು. ಹುಲಿ ಆಗ ಅಪ್ಪನ ಜೊತೆ ಬಲೆ ತೊಳೆಯುತ್ತಿತ್ತು.

ಕುಂದಾಪುರದಿಂದ ಕೆರಾಡಿಗೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ಅದರಲ್ಲಿ ಕೃಷ್ಣಯ್ಯನವರನ್ನು ಕೂರಿಸಿ ರವಿರಾಜ್ ನಿಂತ. ತಿರುವುಗಳಲ್ಲಿ ಸರಳು ಹಿಡಿದುಕೊಳ್ಳಲು ಅವನಿಗೆ ಇದ್ದದ್ದು ಒಂದು ಕೈ, ಚೀಲ ಹಿಡಿಯಲು ಇನ್ನೊಂದಿರಲಿಲ್ಲ. ಕೃಷ್ಣಯ್ಯ ಕೈ ಚಾಚಿ ಚೀಲವನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಹುಟ್ಟಿದ ಮೇಲೆ ಅವರು ಮೀನು ಮುಟ್ಟಿದ್ದು ಅದೇ ಮೊದಲು. ಪಕ್ಕದವನು ಮೂಗು ಮುಚ್ಚಿಕೊಂಡು, ಭಟ್ಟರ ಚೀಲದಲ್ಲಿ ಇದೆಂತ ವಾಸನೆ ಎಂದು ಕೇಳಿದ.

“ಮಗಂದ್,” ಎಂದರು ಕೃಷ್ಣಯ್ಯ.

ಜಿತೇಂದ್ರ ಮತ್ತು ರವಿರಾಜ್ ಆಮೇಲೆ ಭೇಟಿಯಾಗಿಲ್ಲ. ಫ್ಲೆಕ್ಸನ್ನು ಪ್ರಖ್ಯಾತನ ಮನೆಯ ಸೌದೆಯ ಮೇಲೆ ಹೊದೆಸಲಾಗಿದೆ. ಮೀನನ್ನು ಬೆಕ್ಕು ತಿಂದಿತು.